ಗುರುಗಳ ಗಂಟಲು, ನಮ್ಮ ಹೊಣೆ



ಮಾಷ್ಟ್ರು ಅನ್ನಿ, ಟೀಚರ್ ಅನ್ನಿ, ಗುರೂಜಿ ಅನ್ನಿ, ಮೇಷ್ಟ್ರು ಅನ್ನಿ; ಕಾಸರಗೋಡಿನಿಂದ ಜತ್ತಿನ ತನಕ, ತಾಳವಾಡಿಯಿಂದ ಆದವಾನಿಯ ತನಕ ನಮ್ಮ ಮಕ್ಕಳಿಗೆ ಕನ್ನಡ ಕಲಿಸುವವರ ಮುಖ್ಯ ಬಂಡವಾಳ ಒಂದೇ. ಅದು ಅವರ ಗಂಟಲು. ಸೀಮೆಸುಣ್ಣ ಮುಗಿದರೆ ಹೊಸ ಪೆಟ್ಟಿಗೆ ತರಿಸಬಹುದು. ಪಠ್ಯಪುಸ್ತಕ ತಡವಾದರೆ ಹಳೆಯದರಲ್ಲಿ ಒಂದೆರಡು ತಿಂಗಳು ದೂಡಬಹುದು. ಗಂಟಲು ಕೈಕೊಟ್ಟರೆ ಮಾತ್ರ ತರಗತಿಯೇ ನಿಂತುಹೋಗುತ್ತದೆ. ನೇಮಕಾತಿ, ಪಠ್ಯಪುಸ್ತಕ, ಪ್ರಶ್ನೆಪತ್ರಿಕೆಗಳ ವಿಚಾರ ಬರೆಯುವ ಈ ಪುಟದಲ್ಲಿ ಈ ಬಾರಿ ಗಂಟಲಿನ ವಿಚಾರ ಬರೆಯಲು ಕಾರಣವಿದೆ.

ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಶಾಲೆಗೆ ಮರಳಿದ ಶಿಕ್ಷಕರ ಬಗ್ಗೆ ಹೆತ್ತವರ ನಡುವೆ ಏಳುವ ಮಾತು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. “ಆಪರೇಷನ್ ಆಯಿತಲ್ಲ, ಇನ್ನೂ ಸ್ವರ ಯಾಕೆ ಸರಿಯಾಗಿಲ್ಲ? ಹಿಂದಿನ ಬೆಂಚಿನ ಮಕ್ಕಳಿಗೆ ಕೇಳುವುದೇ ಇಲ್ಲ. ಇವರ ಬದಲು ಬೇರೆಯವರನ್ನು ಹಾಕಲಿ.” ಅಲ್ಲಿಂದ ಮುಂದಿನ ಹೆಜ್ಜೆ, ಸಹಿ ಸಂಗ್ರಹಿಸಿ ವಿದ್ಯಾಧಿಕಾರಿಗಳಿಗೆ ಕೊಡುವ ಮನವಿ ಪತ್ರ. ಹೆತ್ತವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಪಾಠ ಕೇಳಿಸಿಕೊಳ್ಳುವುದು ಮಗುವಿನ ಹಕ್ಕು. ಆದರೆ ಆ ಕಾಗದಕ್ಕೆ ಸಹಿ ಹಾಕುವ ಮೊದಲು ಎರಡು ವಿಷಯಗಳನ್ನು ತಾವು ತಿಳಿದಿರಬೇಕು. ಶಸ್ತ್ರಚಿಕಿತ್ಸೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಒಂದು. ಆ ಶಿಕ್ಷಕರು ಹೋದರೆ ಆ ಕುರ್ಚಿಗೆ ಯಾರು ಬರುತ್ತಾರೆ ಎಂಬುದು ಇನ್ನೊಂದು.

ಶಿಕ್ಷಕರ ಗಂಟಲು ಕೆಡುವುದು ಅಪರೂಪದ ಸಂಗತಿಯಲ್ಲ. ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಧ್ವನಿಯ ತೊಂದರೆ ಅನುಭವಿಸಿದವರು ಶಿಕ್ಷಕರಲ್ಲಿ ನೂರಕ್ಕೆ 57.7 ಮಂದಿ, ಬೇರೆ ವೃತ್ತಿಯವರಲ್ಲಿ 28.8 ಮಂದಿ ಎಂದು ಕಂಡುಬಂತು. ಅಂದರೆ ನೇರ ಇಮ್ಮಡಿ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ಕೂಡಿಸಿ ನಡೆಸುವ, ಅರ್ಧ ಗೋಡೆಯ ಆಚೆ ಇನ್ನೊಂದು ಮಾಧ್ಯಮದ ಪಾಠ ಕೇಳಿಬರುವ ನಮ್ಮ ಶಾಲೆಗಳಲ್ಲಿ ಗಂಟಲಿಗೆ ಬೀಳುವ ಹೊರೆ ಎಷ್ಟೆಂದು ತಾವೇ ಅಂದಾಜು ಮಾಡಬಹುದು.

ಕುತ್ತಿಗೆಯ ಮುಂಭಾಗದಲ್ಲಿ ಕೈಗೆ ತಾಗುವ ಉಬ್ಬಿನ ಒಳಗೆ ಧ್ವನಿಪೆಟ್ಟಿಗೆ ಇದೆ. ಅದರೊಳಗೆ ಎರಡು ಧ್ವನಿತಂತುಗಳು. ತಂತು ಎಂಬ ಹೆಸರಿದ್ದರೂ ಅವು ವೀಣೆಯ ತಂತಿಯಂತಲ್ಲ. ಸ್ನಾಯುವಿನ ಮೇಲೆ ಮೆತ್ತನೆಯ ಪದರ ಹೊದ್ದ ಎರಡು ಮಡಿಕೆಗಳು. ಶ್ವಾಸಕೋಶದಿಂದ ಬರುವ ಗಾಳಿಗೆ ಅವು ಒಂದನ್ನೊಂದು ತಾಗಿ ಬಿಡುತ್ತ ಕಂಪಿಸಿದಾಗ ಸ್ವರ ಹುಟ್ಟುತ್ತದೆ. ಸಾಮಾನ್ಯ ಮಾತಿನಲ್ಲಿ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಹೀಗೆ ತಾಗುತ್ತವೆ. ಟೀಚರೊಬ್ಬರು ದಿನದಲ್ಲಿ ಸ್ವರ ಹೊರಡಿಸಿದ ಹೊತ್ತನ್ನೆಲ್ಲ ಕೂಡಿಸಿದಾಗ ಎರಡು ಗಂಟೆ ಆಯಿತೆಂದು ಇಟ್ಟುಕೊಳ್ಳಿ. ಆ ಎರಡು ಮಡಿಕೆಗಳು ಅಷ್ಟರಲ್ಲಿ 14 ಲಕ್ಷ ಸಲ ಒಂದಕ್ಕೊಂದು ಬಡಿದಿರುತ್ತವೆ. ಕೂಗಿ ಮಾತಾಡಿದರೆ ಬಡಿತದ ರಭಸವೂ ಹೆಚ್ಚು, ಸಂಖ್ಯೆಯೂ ಹೆಚ್ಚು.

ಹಾರೆ ಹಿಡಿದ ಅಂಗೈಯಲ್ಲಿ ಜಡ್ಡು ಕಟ್ಟುವಂತೆ ವರ್ಷಗಟ್ಟಲೆ ಬಡಿದುಕೊಂಡ ತಂತುಗಳ ಅಂಚಿನಲ್ಲಿ ಗಂಟು ಕಟ್ಟುತ್ತದೆ. ಕೆಲವರಿಗೆ ಒಂದೇ ಸಲ ಜೋರಾಗಿ ಕೂಗಿದಾಗ ಒಳಗಿನ ಸಣ್ಣ ರಕ್ತನಾಳ ಒಡೆದು ಪಾಲಿಪ್ ಎಂಬ ಬೊಕ್ಕೆ ಏಳುವುದುಂಟು. ಕೆಲವರಿಗೆ ನೀರ್ಗುಳ್ಳೆಯಂಥ ಚೀಲ. ಎರಡೂ ಬದಿಯ ಗಂಟಾದರೆ ವಾಕ್ ಚಿಕಿತ್ಸಕರು ಕಲಿಸುವ ಅಭ್ಯಾಸದಿಂದಲೇ ಹೆಚ್ಚಿನವರಿಗೆ ಗುಣವಾಗುತ್ತದೆ. ಪಾಲಿಪ್, ಚೀಲ ಮುಂತಾದವುಗಳಿಗೆ ಮತ್ತು ಅಭ್ಯಾಸಕ್ಕೆ ಬಗ್ಗದ ಗಂಟಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅರಿವಳಿಕೆ ಕೊಟ್ಟು, ಬಾಯಿಯ ಮೂಲಕವೇ ಕೊಳವೆ ಇಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ವೈದ್ಯರು ಆ ಬೊಕ್ಕೆಯನ್ನು ತೆಗೆಯುತ್ತಾರೆ. ಕುತ್ತಿಗೆಯ ಹೊರಗೆ ಗಾಯವೂ ಇಲ್ಲ, ಹೊಲಿಗೆಯ ಗುರುತೂ ಇಲ್ಲ. ಕಾಲು ಮುರಿದವರಿಗೆ ಪಟ್ಟಿ ಕಂಡರೆ ಜನ ದಾರಿ ಬಿಡುತ್ತಾರೆ. ಗಂಟಲ ಒಳಗಿನ ಗಾಯ ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಯಾರೂ ದಾರಿ ಬಿಡುವುದಿಲ್ಲ.

ಜಪಾನಿನ ವೈದ್ಯ ಮಿನೋರು ಹಿರಾನೊ 1974ರಲ್ಲಿ ತೋರಿಸಿಕೊಟ್ಟ ಸಂಗತಿಯೊಂದು ಇಲ್ಲಿ ಮುಖ್ಯ. ಧ್ವನಿತಂತುವಿನ ಮೇಲ್ಪದರ ಲೋಳೆಯಂತೆ ಮೆತ್ತಗಿದ್ದು, ಒಳಗಿನ ಗಟ್ಟಿ ಸ್ನಾಯುವಿನ ಮೇಲೆ ಅಲೆಯಂತೆ ಜಾರಾಡಿದರೆ ಮಾತ್ರ ಸ್ವರ ತಿಳಿಯಾಗಿ ಬರುತ್ತದೆ. ಕತ್ತರಿ ತಾಗಿದ ಜಾಗ ಮಾಯುವಾಗ ಆ ಮೆತ್ತನೆಯ ಪದರದಲ್ಲಿ ಕಲೆ ಉಳಿದರೆ ಅಲ್ಲಿ ಅಲೆ ಏಳುವುದಿಲ್ಲ. ಸ್ವರದ ಜೊತೆ ಗಾಳಿ ಸೋರುತ್ತದೆ, ಏರುದನಿ ಸಿಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಗಂಟಲು ಸೋಲುತ್ತದೆ. ನುರಿತ ಕೈಗಳಲ್ಲಿ ಈಗ ಹೆಚ್ಚಿನವರ ಸ್ವರ ಮೊದಲಿಗಿಂತ ಬಹಳ ಸುಧಾರಿಸುತ್ತದೆ. ಆದರೆ ಇಪ್ಪತ್ತೈದನೆಯ ವಯಸ್ಸಿನಲ್ಲಿದ್ದ ಸ್ವರ ಮರಳಿ ಬರುತ್ತದೆಂದು ಯಾವ ವೈದ್ಯರೂ ಬರೆದುಕೊಡಲಾರರು.

ಥೈರಾಯಿಡ್ ಗಡ್ಡೆಯ ಶಸ್ತ್ರಚಿಕಿತ್ಸೆಯ ವೇಳೆ ಧ್ವನಿತಂತುವಿನ ನರಕ್ಕೆ ಪೆಟ್ಟಾಗಿ ಒಂದು ತಂತು ಅಲ್ಲಾಡದೆ ನಿಂತವರದು ಇನ್ನೊಂದು ಬಗೆ. ಜಪಾನಿನವರೇ ಆದ ನೊಬುಹಿಕೊ ಇಶಿಕಿ 1974ರಲ್ಲಿ ವಿವರಿಸಿದ ವಿಧಾನದಲ್ಲಿ, ಧ್ವನಿಪೆಟ್ಟಿಗೆಯ ಮೃದ್ವಸ್ಥಿಯಲ್ಲಿ ಸಣ್ಣ ಕಿಟಕಿ ಕೊರೆದು, ಒಳಗೊಂದು ತುಂಡನ್ನು ಇಟ್ಟು, ನಿಂತುಹೋದ ತಂತುವನ್ನು ನಡುವಿಗೆ ಒತ್ತಿ ಕೂರಿಸುತ್ತಾರೆ. ಆಗ ಚಲಿಸುವ ತಂತು ಬಂದು ಅದನ್ನು ತಾಗಬಲ್ಲದು. ಗಾಳಿಮಾತಾಗಿದ್ದದ್ದು ಸ್ವರವಾಗುತ್ತದೆ, ನೀರು ಕುಡಿದಾಗ ನೆತ್ತಿಗೇರುವ ತೊಂದರೆಯೂ ಕಡಿಮೆಯಾಗುತ್ತದೆ. ಆದರೂ ನಿಂತ ತಂತು ಮತ್ತೆ ಚಲಿಸುವುದಿಲ್ಲ. ಎದುರು ಕೂತವರೊಡನೆ ಮಾತಿಗೆ ಆ ಸ್ವರ ಸಾಕು, ಐವತ್ತು ಮಕ್ಕಳ ಗದ್ದಲದ ಮೇಲೆ ಏರಲು ಸಾಲದು.

‘ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ನಟಿ ಜೂಲಿ ಆಂಡ್ರೂಸ್ ಅವರ ಹೆಸರನ್ನು ತಮ್ಮಲ್ಲಿ ಕೆಲವರು ಕೇಳಿರಬಹುದು. 1997ರಲ್ಲಿ ನಡೆದ ಧ್ವನಿತಂತುವಿನ ಶಸ್ತ್ರಚಿಕಿತ್ಸೆಯ ಬಳಿಕ ಅವರ ಹಾಡಿನ ಸ್ವರ ಮರಳಲಿಲ್ಲ. ಮಾತು ಉಳಿಯಿತು. ಅವರು ನಟನೆ ಬಿಡಲಿಲ್ಲ, ಮಗಳೊಡನೆ ಸೇರಿ ಮಕ್ಕಳಿಗಾಗಿ ಪುಸ್ತಕಗಳನ್ನು ಬರೆದರು. ಲೋಕವೇ ಮೆಚ್ಚಿದ ಗಾಯಕಿಗೂ ಹೀಗೆ ಆಗಬಹುದಾದರೆ ನಮ್ಮೂರಿನ ಟೀಚರಿಗೆ ಆದದ್ದು ಅವರ ಅಲಕ್ಷ್ಯದಿಂದ ಅಲ್ಲ ಎಂಬುದನ್ನು ಒಪ್ಪಲು ನಮಗೇನು ಅಡ್ಡಿ?

ಚಿಕಿತ್ಸೆ ಮುಗಿದ ಮೇಲಿನ ದಿನಗಳೂ ಸುಲಭವಲ್ಲ. ಮೊದಲ ಕೆಲವು ದಿನ ಪೂರ್ತಿ ಮೌನ. ಎಷ್ಟು ದಿನ ಎಂಬುದರಲ್ಲಿ ವೈದ್ಯರೊಳಗೆ ಒಮ್ಮತವಿಲ್ಲ. ಮೂರು ದಿನ ಹೇಳುವವರೂ ಇದ್ದಾರೆ, ವಾರ ಹೇಳುವವರೂ ಇದ್ದಾರೆ. ಆ ಮೇಲೆ ದಿನಕ್ಕೆ ಇಷ್ಟು ನಿಮಿಷ ಎಂದು ಅಳೆದು ಮಾತು, ಜೊತೆಗೆ ವಾಕ್ ಚಿಕಿತ್ಸಕರಲ್ಲಿ ಅಭ್ಯಾಸ. ತರಗತಿಗೆ ಮರಳಲು ಹಲವು ವಾರ ಬೇಕು. ಮರಳಿದ ಮೇಲೂ ಹಳೆಯ ರೀತಿಯಲ್ಲೇ ಕೂಗಿದರೆ ಬೊಕ್ಕೆ ಮತ್ತೆ ಏಳಬಹುದು. ಶಸ್ತ್ರಚಿಕಿತ್ಸೆ ಬೊಕ್ಕೆಯನ್ನು ತೆಗೆಯುತ್ತದೆಯೇ ಹೊರತು ಅದನ್ನು ಎಬ್ಬಿಸಿದ ತರಗತಿಯನ್ನು ಬದಲಾಯಿಸುವುದಿಲ್ಲ. ಆ ಕೆಲಸ ಶಾಲೆಯದು, ಶಾಲೆಯೆಂದರೆ ನಮ್ಮದು.

ಈಗ ಎರಡನೆಯ ವಿಷಯಕ್ಕೆ ಬರೋಣ. ರಾಜ್ಯಭಾಷೆಯ ಶಾಲೆಯಲ್ಲಿ ಒಬ್ಬರು ರಜೆ ಹಾಕಿದರೆ ಪಕ್ಕದ ತರಗತಿಯವರು ಬಂದು ಪಾಠ ಮಾಡುತ್ತಾರೆ. ನಮ್ಮ ಶಾಲೆಗಳಲ್ಲಿ ಪಕ್ಕದ ತರಗತಿಯವರಿಗೆ ಹಲವು ಕಡೆ ಕನ್ನಡವೇ ಬರುವುದಿಲ್ಲ. ಕನ್ನಡ ಅರಿಯದವರನ್ನು ಕನ್ನಡ ವಿಭಾಗಕ್ಕೆ ನೇಮಿಸಿದ್ದರ ವಿರುದ್ಧ ಕಾಸರಗೋಡಿನ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದು ತಮಗೆ ಗೊತ್ತಿರುವ ಸಂಗತಿ. ಹೀಗಿರುವಾಗ “ಇವರನ್ನು ಬದಲಾಯಿಸಿ” ಎಂದು ಬರೆದ ಮನವಿಗೆ ಇಲಾಖೆ ಒಪ್ಪಿತೆನ್ನಿ. ಆ ಕುರ್ಚಿ ಖಾಲಿ ಉಳಿಯಬಹುದು, ಇಲ್ಲವೇ ಗಟ್ಟಿ ಸ್ವರದ, ಆದರೆ ಕನ್ನಡ ಬಾರದ ಒಬ್ಬರು ಬರಬಹುದು. ಖಾಲಿ ಕುರ್ಚಿ ಮುಂದಿನ ವರ್ಷ ‘ಮಕ್ಕಳು ಕಡಿಮೆ’ ಎಂಬ ಟಿಪ್ಪಣಿಯಾಗುತ್ತದೆ. ಆ ಟಿಪ್ಪಣಿಯ ಮುಂದಿನ ಪುಟದಲ್ಲಿ ಏನಿರುತ್ತದೆಂದು ನಮ್ಮೆಲ್ಲರಿಗೂ ಅನುಭವವಿದೆ.

ಇನ್ನೊಂದು ಮಾತು. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬಡಗ, ತೆಲುಗು ಆಡುವವರು ಎಷ್ಟೋ ಮಂದಿ. ಕನ್ನಡವೇ ಮನೆಮಾತಾದರೂ ಅದು ಊರಿನ ಕನ್ನಡ. ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ಬೇರೆಯದೇ ಭಾಷೆ. ಪುಸ್ತಕದ ಕನ್ನಡ ಕಿವಿಗೆ ಬೀಳುವುದು ಹಲವು ಮಕ್ಕಳಿಗೆ ಒಂದೇ ಒಂದು ಗಂಟಲಿನಿಂದ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆ ಸೌಲಭ್ಯವೆಂದರೆ ಕಟ್ಟಡ, ಪುಸ್ತಕ ಮಾತ್ರವಲ್ಲ. ಕೇಳಿಸುವಂತೆ ಕನ್ನಡ ಆಡುವ ಒಬ್ಬ ಗುರು ಕೂಡ.

ಕಾನೂನು ಶಿಕ್ಷಕರನ್ನು ಎಷ್ಟು ಕಾಯುತ್ತದೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೆಯ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಉಂಟಾದವರನ್ನು ಸರಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇರುವ ಹುದ್ದೆ ಆಗದಿದ್ದರೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಸರಕಾರದ ಅನುದಾನ ಪಡೆಯುವ ಸಂಸ್ಥೆಗಳೂ ಸೇರುತ್ತವೆ. ಆದರೆ ಅದರ ಅನುಸೂಚಿಯು ವಾಕ್ ಮತ್ತು ಭಾಷಾ ವೈಕಲ್ಯವೆಂದು ಹೇಳುವುದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದಂಥ ಶಾಶ್ವತ ಸ್ಥಿತಿಗಳನ್ನು. ಗಂಟು ತೆಗೆಸಿಕೊಂಡು ಅರ್ಧ ಸ್ವರದಲ್ಲಿ ಪಾಠ ಮಾಡುವ ಟೀಚರಿಗೆ ಆ ಪ್ರಮಾಣಪತ್ರ ಸಿಗುವುದು ಕಷ್ಟ. ದಿನವೇತನದ ಶಿಕ್ಷಕರ ಪಾಡಂತೂ ಹೇಳತೀರದು. ರಜೆ ಹಾಕಿದರೆ ಆ ದಿನದ ಸಂಬಳವಿಲ್ಲ, ತೊಂದರೆ ಹೇಳಿಕೊಂಡರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಅಂಜಿಕೆ. ಹಾಗಾಗಿ ಒಡೆದ ಸ್ವರವನ್ನು ಮುಚ್ಚಿಟ್ಟುಕೊಂಡು ಇನ್ನಷ್ಟು ಕೂಗುತ್ತಾರೆ. ಕಾನೂನು ಕೈ ಚಾಚದ ಇಂಥ ಕಡೆಯಲ್ಲೇ ಹೆತ್ತವರ ಕೈ ಬೇಕಾಗುವುದು.

ಏನು ಮಾಡಬಹುದು? ದೊಡ್ಡ ಖರ್ಚಿನ ಮಾತೇನೂ ಇಲ್ಲ.

ಮೊದಲನೆಯದು ಮೈಕ್. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಧ್ವನಿವರ್ಧಕ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಧ್ವನಿಯ ತೊಂದರೆಯಿದ್ದ ಶಿಕ್ಷಕರ ಮೇಲೆ ಅಮೆರಿಕದಲ್ಲಿ ಆರು ವಾರ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಗಂಟಲಿನ ಆರೈಕೆಯ ಉಪದೇಶ ಪಡೆದವರಿಗಿಂತ ಮೈಕ್ ಬಳಸಿದವರಿಗೆ ಹೆಚ್ಚು ಪ್ರಯೋಜನ ಕಂಡಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಹೆತ್ತವರು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದೂ ಅದೇ ಸಮಿತಿ. ಬೆಂಚು, ಬಣ್ಣದ ಜೊತೆಗೆ ಈ ಮೈಕಿನ ಹೆಸರೂ ಆ ಪಟ್ಟಿಯಲ್ಲಿ ಬರಲಿ. ತಡವಾಗುವುದಾದರೆ ರಕ್ಷಕ-ಶಿಕ್ಷಕ ಸಂಘದಿಂದಲೇ ಕೊಂಡುಕೊಡಿ.

ಎರಡನೆಯದು ಗದ್ದಲ. ಸುತ್ತ ಸದ್ದು ಏರಿದಂತೆ ಮನುಷ್ಯ ತನಗರಿವಿಲ್ಲದೆ ಸ್ವರ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಹೇಳಿದ್ದರು. “ಮೆಲ್ಲನೆ ಮಾತಾಡಿ” ಎಂದು ಟೀಚರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಸದ್ದು ಇಳಿಸಬೇಕು. ಅವರ ತರಗತಿಯನ್ನು ರಸ್ತೆಯ ಬದಿಯಿಂದ, ಬಿಸಿಯೂಟದ ಅಡುಗೆಮನೆಯ ಪಕ್ಕದಿಂದ ಒಳಗಿನ ಕೋಣೆಗೆ ಸರಿಸಿ. ಕಟಕಟ ಎನ್ನುವ ಫ್ಯಾನನ್ನು ರಿಪೇರಿ ಮಾಡಿಸಿ. ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಯಾವ ಗಂಟಲೂ ಗೆಲ್ಲಲಾರದು. ಆ ಹೊತ್ತಿಗೆ ಮಕ್ಕಳು ಕಾಪಿ ಬರೆಯಲಿ, ಲೆಕ್ಕ ಮಾಡಲಿ.

ಮೂರನೆಯದು ಕೆಲಸದ ಹಂಚಿಕೆ. ಪ್ರಾರ್ಥನೆಯ ಸಾಲು ನಿಲ್ಲಿಸುವುದು, ಆಟದ ಬಯಲಿನಲ್ಲಿ ಕೂಗುವುದು, ವಾರ್ಷಿಕೋತ್ಸವದ ನಿರೂಪಣೆ, ಇವುಗಳನ್ನೆಲ್ಲ ಬೇರೆಯವರು ವಹಿಸಿಕೊಳ್ಳಲಿ. ಮಕ್ಕಳನ್ನು ಸುಮ್ಮನಿರಿಸಲು ಮೇಜಿನ ಮೇಲೊಂದು ಗಂಟೆ ಇರಲಿ. ಪಾಠವನ್ನು ಮಕ್ಕಳೇ ಸರದಿಯಂತೆ ಗಟ್ಟಿಯಾಗಿ ಓದಲಿ. ಅದರಿಂದ ಅವರ ಓದೂ ತಿದ್ದಿಕೊಳ್ಳುತ್ತದೆ. ಬೆನ್ನುಬೆನ್ನಿಗೆ ನಾಲ್ಕು ಪಿರಿಯಡ್ ಬಾರದಂತೆ ವೇಳಾಪಟ್ಟಿ ಮಾಡಲು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಿ.

ನಾಲ್ಕನೆಯದು ಉಕ್ತಲೇಖನ. ಕ-ಗ, ತ-ದ, ಪ-ಬ ಇವುಗಳ ನಡುವಿನ ವ್ಯತ್ಯಾಸ ಧ್ವನಿತಂತು ಕಂಪಿಸುವುದರಲ್ಲಿದೆ. ಸ್ವರ ಸೋರುವ ಗಂಟಲಿನಿಂದ ‘ಗಾಳಿ’ ಎಂದದ್ದು ಹಿಂದಿನ ಬೆಂಚಿಗೆ ‘ಕಾಳಿ’ ಎಂದು, ‘ದಡ’ ಎಂದದ್ದು ‘ತಡ’ ಎಂದು ಕೇಳಿಸಬಹುದು. ಮಗು ತಪ್ಪು ಬರೆದರೆ ಮಗುವನ್ನೂ ಗದರಬೇಡಿ, ಟೀಚರನ್ನೂ ದೂರಬೇಡಿ. ಹೊಸ ಪದಗಳನ್ನು ಮೊದಲು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವ ಪದ್ಧತಿ ಬಂದರೆ ಈ ತೊಡಕು ಬಹುಪಾಲು ತೀರುತ್ತದೆ. ಸಂಜೆ ಮನೆಯಲ್ಲಿ ತಾವೋ ಅಜ್ಜನೋ ಕಾಲು ಗಂಟೆ ಅದೇ ಪಾಠವನ್ನು ಗಟ್ಟಿಯಾಗಿ ಓದಿಸಿದರೆ ಇನ್ನೂ ಒಳಿತು.

ಐದನೆಯದು ನಮ್ಮ ನಡವಳಿಕೆ. ದಿನವಿಡೀ ಪಾಠ ಮಾಡಿ ಮನೆಗೆ ಹೋದವರಿಗೆ ಸಂಜೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿಸಬೇಡಿ. ಡೈರಿಯಲ್ಲೋ ವಾಟ್ಸಾಪಿನಲ್ಲೋ ಬರೆಯಿರಿ. ಮೌನದ ದಿನಗಳಲ್ಲಿ ನೋಡಲು ಹೋದರೆ “ಪಿಸುಮಾತಿನಲ್ಲಾದರೂ ಹೇಳಿ” ಎನ್ನಬೇಡಿ. ಒತ್ತಿ ಆಡುವ ಪಿಸುಮಾತು ಗಂಟಲನ್ನು ಇನ್ನಷ್ಟು ಬಿಗಿಯುತ್ತದೆ ಎಂದು ವೈದ್ಯರು ಎಚ್ಚರಿಸುತ್ತಾರೆ. ಶುಂಠಿ, ಜೇನು, ಜ್ಯೇಷ್ಠಮಧು ಹಿತ ಕೊಡಬಹುದು. ಆದರೆ ನುಂಗಿದ್ದು ಅನ್ನನಾಳಕ್ಕೆ ಇಳಿಯುತ್ತದೆಯೇ ವಿನಾ ಧ್ವನಿತಂತುವಿನ ಮೇಲೆ ಹರಿಯುವುದಿಲ್ಲ, ಗಂಟನ್ನು ಕರಗಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಮಕ್ಕಳ ಎದುರು ಆ ಸ್ವರವನ್ನು ಅಣಕಿಸಬೇಡಿ. ಮನೆಯಲ್ಲಿ ದೊಡ್ಡವರು ಆಡಿದ್ದನ್ನೇ ಮಕ್ಕಳು ತರಗತಿಯಲ್ಲಿ ಆಡುತ್ತಾರೆ.

ಶಿಕ್ಷಕ ಬಂಧುಗಳಿಗೂ ಒಂದು ಮಾತು. ನಾಲ್ಕು ವಾರ ದಾಟಿದರೂ ಸ್ವರ ಒಡೆದೇ ಇದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ ಧ್ವನಿತಂತುವನ್ನು ಪರೀಕ್ಷಿಸಿಕೊಳ್ಳಿ. ಬೀಡಿ, ಸಿಗರೇಟು, ತಂಬಾಕಿನ ಅಭ್ಯಾಸವಿದ್ದವರು ಅಷ್ಟು ಕಾಯಲೂಬಾರದು, ಅದು ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿಯ ತಪಾಸಣೆಯೂ ಚಿಕಿತ್ಸೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ತಾಳವಾಡಿ, ವಯನಾಡಿನವರಿಗೆ ಅದು ದೂರವೂ ಅಲ್ಲ. ಬಯಲಲ್ಲಿ ಕೂಗಿ ಕೂಗಿ ಸ್ವರ ಒಡೆದ ಮಕ್ಕಳಲ್ಲೂ ಇದೇ ಗಂಟು ಕಾಣಿಸುವುದುಂಟು. ತಿಂಗಳು ಕಳೆದರೂ ಸರಿಯಾಗದಿದ್ದರೆ ಹೆತ್ತವರು ಅವರನ್ನೂ ತೋರಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ತರಗತಿಗಳಲ್ಲಿ ಪಾಠ ಸಾಲದೆ ಹೋಗಬಹುದು. ಅದನ್ನು ಸಹಿಸಿಕೊಂಡಿರಿ ಎಂದು ನಾವು ಹೇಳುವುದಿಲ್ಲ. ಮನವಿ ಪತ್ರ ಬರೆಯಲೇಬೇಕು. ಆದರೆ ಅದರ ಒಕ್ಕಣೆ ಬದಲಾಗಲಿ. “ಈ ಶಿಕ್ಷಕರನ್ನು ಬದಲಾಯಿಸಿ” ಎಂಬುದರ ಜಾಗದಲ್ಲಿ ಮೂರು ಬೇಡಿಕೆಗಳಿರಲಿ. ಚಿಕಿತ್ಸೆಯ ರಜೆಯ ಅವಧಿಗೆ ಕನ್ನಡ ಬಲ್ಲ ಬದಲಿ ಶಿಕ್ಷಕರನ್ನು ಕೊಡಿ. ಮರಳಿ ಬಂದವರಿಗೆ ಮೊದಲ ಕೆಲವು ತಿಂಗಳು ಪಿರಿಯಡ್ ಕಡಿಮೆ ಮಾಡಿ. ತರಗತಿಗೆ ಮೈಕ್ ಕೊಡಿ. ಈ ಮನವಿಗೆ ಆ ಶಿಕ್ಷಕರೂ ತಮ್ಮ ಜೊತೆ ನಿಲ್ಲುತ್ತಾರೆ, ಮಕ್ಕಳ ಹಕ್ಕೂ ಉಳಿಯುತ್ತದೆ, ಕನ್ನಡದ ಹುದ್ದೆಯೂ ಉಳಿಯುತ್ತದೆ.

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಈ ವಿಷಯವನ್ನು ಎತ್ತಿ. ನಿರ್ಣಯ ಬರೆದು, ಅದರ ಒಂದು ಪ್ರತಿಯನ್ನು ಇಲಾಖೆಗೂ ಇನ್ನೊಂದನ್ನು ನಮಗೂ ಕಳುಹಿಸಿಕೊಡಿ. ಯಾವ ಶಾಲೆ ಏನು ಮಾಡಿತು, ಅದರಿಂದ ತರಗತಿಯಲ್ಲಿ ಏನು ಬದಲಾಯಿತು ಎಂಬುದನ್ನು ಬೇರೆ ಊರುಗಳ ಹೆತ್ತವರಿಗೆ ತಲುಪಿಸುವ ಕೆಲಸ ಈ ಪತ್ರಿಕೆಯದು.